ನೀಲವ್ವನ ಗಿರಣಿಗೆ ಒಂದು ಟಿಕೀಟು

ತನ್ನ ಗಿರಣಿಯ ಹೆಸರನ್ನು ತಾನು ಒಮ್ಮೆಯೂ ಬಾಯಿಬಿಟ್ಟು ಹೇಳದೆ ಸುತ್ತಲಿನ ಊರುಗಳಲ್ಲೆಲ್ಲ ಅದನ್ನು ಹೆಸರುವಾಸಿ ಮಾಡಿದ ವ್ಯಾಪಾರಿ ಎಂದರೆ ನಮ್ಮ ಕಾಕಾ! ನಂಬುವುದಿಲ್ಲವೆ? ಆ ಹೆಸರನ್ನು ಅವನ ಪರವಾಗಿ ಒದರಿ ಗಂಟಲು ಕೆಡಿಸಿಕೊಂಡವನು ನಾನು.

ಎಂಬತ್ತರ ದಶಕದ ಮಾತು. ರಾಣೆಬೆನ್ನೂರಿನಿಂದ ಹಲಗೇರಿಗೆ ಹೋಗುವ ದಾರಿಯಲ್ಲಿ, ನಮ್ಮ ಹೊಲದ ಮೂಲೆಗೆ, ಕಾಕಾ ಖಾರ ಕುಟ್ಟುವ ಗಿರಣಿ ಹಾಕಿದ. ಅದಕ್ಕೂ ಮೊದಲು ಸೋಡಾ ಮಾಡಿ, ಊದಿನಕಡ್ಡಿ ಮಾಡಿ ಕೈಸುಟ್ಟುಕೊಂಡಿದ್ದ. ಈ ಯಂತ್ರವೂ ಅವನದಲ್ಲ. ಬ್ಯಾಡಗಿಯಲ್ಲಿ ಗಿರಣಿ ಇಟ್ಟಿದ್ದ ಹೆಂಡತಿಯ ತಮ್ಮಂದಿರು ತಮ್ಮ ಹಳೆಯದೊಂದನ್ನು ಕೊಟ್ಟಿದ್ದರು, ಷರತ್ತು ಹಾಕಿ.

"ಯುಗಾದಿ ತನಕ ನೋಡ್ತೀವಿ ಮಾಮಾ. ಗಿರಾಕಿ ಬರಲಿಲ್ಲಂದ್ರ ಯಂತ್ರಾನೂ ಒಯ್ತೀವಿ, ನಮ್ಮ ಅಕ್ಕನ್ನೂ ಒಯ್ತೀವಿ."

ಅವರು ನಗಲಿಲ್ಲ. ಕಾಕಾನೂ ನಗಲಿಲ್ಲ.

ಸುತ್ತಲಿನ ಗಿರಣಿಗಳಿಗೆಲ್ಲ ದೇವರ ಹೆಸರು. ಕಾಕಾ ಮಾತ್ರ "ನೀಲವ್ವನ ಗಿರಣಿ" ಎಂದು ಇಟ್ಟ. ನೀಲವ್ವ ಎಂದರೆ ಅವನ ಹೆಂಡತಿ, ನನ್ನ ಚಿಗವ್ವ. "ಹೆಣ್ಮಕ್ಳಿಗೆ ಇರೋ ಅಂಜಿಕಿ ಒಂದ. ತಮ್ಮ ಛಲೋ ಮೆಣಸಿನಕಾಯಿಗೆ ಮಂದೀದು ಬೆರಸ್ತಾರ ಅಂತ. ಯಂತ್ರದ ಮುಂದ ಹೆಣ್ಮಗಳು ನಿಂತಾಳ ಅಂದ್ರ ನಂಬತಾರ" ಎಂದ. ಬರೋಬ್ಬರಿ ಮಾತು. ಆದರೆ ನಮ್ಮ ಕಡೆ ಆಗಿನ ಗಂಡಂದಿರು ಹೆಂಡತಿಯ ಹೆಸರು ಹಿಡಿದು ಕರೆಯುತ್ತಿದ್ದರೆ? "ಏ", "ಇಕಿ", "ಕೇಳಿಲ್ಲಿ" ಎನ್ನುವುದರಲ್ಲೇ ಸಂಸಾರ ಸಾಗುತ್ತಿತ್ತು. "ಗಿರಣಿ ಹೆಸರೇನ್ರಿ?" ಎಂದು ಯಾರಾದರೂ ಕೇಳಿದರೆ ಕಾಕಾ ಆಕಾಶ ನೋಡುತ್ತ ನನ್ನನ್ನು ಮುಂದೆ ನೂಕುತ್ತಿದ್ದ.

ಬೋರ್ಡನ್ನಾದರೂ ಬರೆಸು ಎಂದೆ.

"ಬೋರ್ಡಿಗೆ ರೊಕ್ಕ ಬೇಕು, ಅದನ್ನ ಓದಾಕ ಬರೋ ಮಂದೀನೂ ಬೇಕು. ಕಂಡಕ್ಟರ್ ಪುಕ್ಕಟೆ ಒದರತಾನ."

ಬಸ್ಸೇ ನಿಲ್ಲದ ಜಾಗದ ಹೆಸರನ್ನು ಕಂಡಕ್ಟರ್ ಯಾಕೆ ಒದರುತ್ತಾನೆ? ಒದರಿಸುವುದೇ ನಮ್ಮ ಕೆಲಸವಾಯಿತು. ನಾನಾಗ ರಾಣೆಬೆನ್ನೂರಿನ ಕಾಲೇಜಿಗೆ ಹೋಗಿಬರುತ್ತಿದ್ದೆ. ಸಂಜೆಯ ಬಸ್ಸಿನಲ್ಲಿ "ನೀಲವ್ವನ ಗಿರಣಿಗೆ ಒಂದು ಕೊಡ್ರಿ" ಎಂದು ಕೇಳಿದೆ.

"ಅಂಥಾ ಸ್ಟಾಪ್ ಇಲ್ಲ."

"ಐತ್ರಿ. ನೀವು ಈ ರೂಟಿಗೆ ಹೊಸಬ್ರೇನು?" ಇದು ಕಾಕಾ ಬಾಯಿಪಾಠ ಮಾಡಿಸಿದ ಮಾತು. ಆ ರೂಟಿನಲ್ಲೇ ತಲೆ ನರೆತಿದ್ದ ಕಂಡಕ್ಟರ್ ನನ್ನನ್ನು ಸೀದಾ ಹಲಗೇರಿಗೆ ಒಯ್ದು ಇಳಿಸಿದ. ನಡೆದು ವಾಪಸ್ ಬಂದೆ. ಮರುದಿನ ನಮ್ಮವ್ವ ಅದೇ ಟಿಕೀಟು ಕೇಳಿದಳು, ನಡೆದು ಬಂದಳು. ಆಮೇಲೆ ಸೋದರತ್ತೆ, ಅವಳ ಬೀಗರು. ನಮ್ಮ ಮನೆತನದ ಚಪ್ಪಲಿಗಳೆಲ್ಲ ಆ ತಿಂಗಳು ಸವೆದವು. ಕೊನೆಗೆ ಕಂಡಕ್ಟರನೇ ಸೋತ. "ನಿಮ್ಮ ಮನಿ ಮಂದಿ ಮುಗಿಯೋದ ಇಲ್ಲೇನು?" ಎಂದು ಸೀಟಿ ಊದಿ ಬಸ್ಸು ನಿಲ್ಲಿಸಿದ. ಬರಬರುತ್ತ ತಾನೇ "ಯಾರ್ರಿ ನೀಲವ್ವನ ಗಿರಣಿ?" ಎಂದು ಕೂಗತೊಡಗಿದ. ಹೆಂಗಸರು ಮೆಣಸಿನಕಾಯಿ ಚೀಲ ಹೊತ್ತು ಇಳಿಯತೊಡಗಿದರು.

ಚಿಗವ್ವ ಒಂದು ದಿನ ಯಂತ್ರದ ಮುಂದೆ ಸೀನುತ್ತಲೇ ಅಂದಳು. "ಊರ ಮಂದಿ ಎಲ್ಲಾ ನನ್ನ ಹೆಸರು ಕರೀತಾರ. ನೀವೊಬ್ರು ಒಮ್ಮೆನೂ ಕರೀಲಿಲ್ಲ."

"ಅದಕ್ಕ ಕಂಡಕ್ಟರಗ ಹಚ್ಚೇನಿ" ಎಂದು ಕಾಕಾ ಹೊರಗೆ ಹೋದ.

ಯುಗಾದಿಗೆ ಮುಂಚೆ ಭಾವಮೈದುನರು ಬಂದರು. ಕಂಡಕ್ಟರ್ ಗಿರಣಿಯ ಹೆಸರು ಕೂಗುವುದು ಅವರ ಕಿವಿಗೂ ಬೀಳಲೆಂದು ಕಾಕಾ ಅವರನ್ನು ರಾಣೆಬೆನ್ನೂರಿನಿಂದ ಬಸ್ಸಿನಲ್ಲೇ ಕರೆತಂದ. ಜೊತೆಗೆ ನಾನಿದ್ದೆ. ನಡುದಾರಿಯಲ್ಲಿ ಟಿಕೀಟು ತಪಾಸಣೆಯ ಸಾಹೇಬ ಹತ್ತಿಕೊಂಡ! ಗಿರಣಿ ಬಂತೆಂದು ಕಂಡಕ್ಟರ್ ಸೀಟಿ ಬಾಯಿಗಿಟ್ಟಾಗ ಸಾಹೇಬ ತಡೆದ.

"ಇಲ್ಲಿ ಯಾಕ? ಈ ಸ್ಟಾಪ್ ಪಟ್ಟಿಯಾಗ ಇಲ್ಲ. ಇನ್ನ ಮ್ಯಾಲೆ ನಿಲ್ಲಿಸಬ್ಯಾಡ." ಆಮೇಲೆ ಇಳಿಯಲು ಎದ್ದು ನಿಂತಿದ್ದ ಕಾಕಾನ ಕಡೆ ತಿರುಗಿದ. "ಯಜಮಾನ್ರ, ಎಲ್ಲಿ ಇಳಿಯವ್ರು ನೀವು? ಸ್ಟಾಪಿನ ಹೆಸರು ಹೇಳ್ರಿ."

ಕಾಕಾನ ಬಾಯಿ ತೆರೆಯಿತು, ಮುಚ್ಚಿತು. ನಾನು ಹೇಳಲು ಹೋದರೆ "ನಿನ್ನ ಕೇಳಿಲ್ಲ" ಎಂದ ಸಾಹೇಬ. ಭಾವಮೈದುನರು ಒಬ್ಬರ ಮುಖ ಒಬ್ಬರು ನೋಡಿದರು. ಬಸ್ಸು ನಿಲ್ಲದಿದ್ದರೆ ಗಿರಣಿ ಇಲ್ಲ, ಗಿರಣಿ ಇಲ್ಲದಿದ್ದರೆ ಚಿಗವ್ವ ಇಲ್ಲ. ಮೂರೇ ಅಕ್ಷರದ ಹೆಸರು. ಕಾಕಾನ ಹಣೆಯಿಂದ ಬೆವರು ಇಳಿಯಿತೇ ಹೊರತು ಬಾಯಿಂದ ಅದು ಬರಲಿಲ್ಲ.

"ಹೆಸರ ಇಲ್ಲದ ಸ್ಟಾಪು" ಎಂದ ಸಾಹೇಬ.

"ಅಂವಾ ಹೆಂಗ ಹೇಳ್ಯಾನ್ರಿ?" ಹಿಂದಿನ ಸೀಟಿನಿಂದ ಒಬ್ಬ ಮುದುಕಿ ಕೇಳಿದಳು. "ಅದು ಅವನ ಹೇಣ್ತಿ ಹೆಸರು. ನಾವು ಹೇಳ್ತೀವಿ ತಗೋರಿ. ನೀಲವ್ವನ ಗಿರಣಿ. ಖಾರ ಕುಟ್ಟಸಾಕ ನಾವೂ ಅಲ್ಲೇ ಇಳಿಯವ್ರು."

ಸಂತೆಯ ಚೀಲಗಳ ನಡುವಿನಿಂದ ಮತ್ತಷ್ಟು ಹೆಂಗಸರು ಎದ್ದರು. ಸಾಹೇಬ ಕಾಕಾನನ್ನೇ ನೋಡಿ ಮೀಸೆಯೊಳಗೆ ನಕ್ಕ. "ನಮ್ಮ ಮನ್ಯಾಗೂ ಇದ ಹಣೇಬರ" ಎಂದು ತಾನೇ ಕೈಮಾಡಿ ಬಸ್ಸು ನಿಲ್ಲಿಸಿದ. ಯಂತ್ರದ ಮಾತು ಎತ್ತದೆ ಭಾವಮೈದುನರು ಹೋಳಿಗೆ ಉಂಡು ಹೋದರು.

ತೊಂಬತ್ತರ ದಶಕದ ಕೊನೆಗೆ ಚಿಗವ್ವ ಜ್ವರದಲ್ಲಿ ತೀರಿಕೊಂಡಳು. ಕೆಲವು ದಿನ ಕಳೆದ ಮೇಲೆ ಕಾಕಾ ಮತ್ತು ನಾನು ರಾಣೆಬೆನ್ನೂರಿನಲ್ಲಿ ಬಸ್ಸು ಹತ್ತಿದೆವು. ಕಂಡಕ್ಟರ್ ಹೊಸಬ.

"ಎಲ್ಲಿಗ್ರಿ ಅಜ್ಜಾ?"

ರೂಢಿಯಂತೆ ನಾನು ಬಾಯಿ ತೆರೆದೆ. ಕಾಕಾ ನನ್ನ ಮೊಣಕಾಲು ಅದುಮಿ ತಡೆದ.

"ನೀಲವ್ವ" ಎಂದ.

ಬಸ್ಸಿನ ಸದ್ದಿಗೆ ಕಂಡಕ್ಟರನಿಗೆ ಕೇಳಿಸಲಿಲ್ಲ. "ಏನಂದ್ರಿ?"

"ನೀಲವ್ವಾ." ಈ ಸಲ ಇಡೀ ಬಸ್ಸಿಗೆ ಕೇಳಿಸಿತು.

ಎರಡು ಟಿಕೀಟು ಹರಿದುಕೊಟ್ಟು ಕಂಡಕ್ಟರ್ ಮುಂದೆ ಹೋದ. ಕಾಕಾ ಕಿಟಕಿಯ ಕಡೆ ಮುಖ ಮಾಡಿಕೊಂಡು, ಯಾರೂ ಕೇಳದಿದ್ದರೂ, ಮತ್ತೊಮ್ಮೆ ಆ ಹೆಸರು ಹೇಳಿದ.