ಪಾಲಿನ ಮೈಕ್ ಸೆಟ್ಟು

ನನಗೆ ನನ್ನ ದನಿ ತುಂಬಾ ಇಷ್ಟ. ಹೇಳಿಕೊಳ್ಳಲು ಸಂಕೋಚವೇನೂ ಇಲ್ಲ. ಲೋಕದಲ್ಲಿ ಯಾರಿಗೆ ತಾನೇ ತಮ್ಮ ದನಿ ಇಷ್ಟವಿಲ್ಲ? ಕೆಲವರು ಮುಚ್ಚಿಟ್ಟುಕೊಳ್ಳುತ್ತಾರೆ, ನಾನು ಬಿಚ್ಚಿ ಹಾಡುತ್ತೇನೆ, ಅಷ್ಟೇ ವ್ಯತ್ಯಾಸ. ತೆಲಂಗಾಣದ ಗಡಿಯ ಮಕ್ತಲಿನ ಶಾಲೆಯಲ್ಲಿ ದಿನವಿಡೀ ಮಕ್ಕಳಿಗೆ ಲೆಕ್ಕ ಕಲಿಸಿ ಗಂಟಲು ಹರಿದುಕೊಳ್ಳುವ ನನಗೆ, ಮೈಕಿನ ಮುಂದೆ ಕೂತು ದೇವರ ಪದ ಹಾಡುವಾಗ ಸಿಗುವ ಸುಖ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಅದೊಂದನ್ನು ಯಾರಾದರೂ ಕಿತ್ತುಕೊಂಡರೆ ನಾನು ಬರೀ ಲೆಕ್ಕದ ಟೀಚರು. ಮನೆಯಲ್ಲಿ ನಾನು ಶ್ರುತಿ ಹಿಡಿದೊಡನೆ ನಮ್ಮ ಮನೆಯವರಿಗೆ ಪೇಟೆಯ ಕೆಲಸ ನೆನಪಾಗುತ್ತದೆ. ಕೊತ್ತಂಬರಿ ಇದ್ದರೂ ಕೊತ್ತಂಬರಿ ತರುತ್ತಾರೆ. ಸಂಗೀತಕ್ಕೆ ಕಿವಿ ಇಲ್ಲದ ಗಂಡನೆಂದು ನಾನು ಬಹಳ ವರ್ಷ ಅವರ ಮೇಲೆ ಕನಿಕರ ಇಟ್ಟುಕೊಂಡಿದ್ದೆ.

ನಮ್ಮದು ನಾಲ್ವರು ಹೆಂಗಸರ ಭಜನಾ ಮಂಡಳಿ. ಹಾರ್ಮೋನಿಯಂ ನುಡಿಸುವ ನಾಗಮ್ಮಕ್ಕನದು ನಾರಾಯಣಪೇಟೆ ಸೀರೆಗಳ ಅಂಗಡಿ. ತಬಲಾ ಬಾರಿಸುವ ಶರಣಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಹೋಟೆಲು ನಡೆಸುತ್ತಾಳೆ. ತಾಳ ಹಾಕಿ ನನ್ನ ಹಿಂದೆ ದನಿಗೂಡಿಸುವ ಪದ್ಮಾಬಾಯಿ ಅರ್ಚಕರ ಮನೆಯವರು. ತೊಟ್ಟಿಲು, ಸೀಮಂತ, ಗೃಹಪ್ರವೇಶ ಎಂದರೆ ಸುತ್ತಲಿನ ಊರಿನವರು ನಮ್ಮನ್ನು ಕರೆಯುತ್ತಾರೆ. ಮೊದಲು ಶಾಮಿಯಾನದವನಿಂದ ಬಾಡಿಗೆಗೆ ಮೈಕ್ ಸೆಟ್ಟು ತರುತ್ತಿದ್ದೆವು. ಅವನು ನಾವು ಮಂಗಳಾರತಿ ಹಾಡುವ ಹೊತ್ತಿಗೆ ಬಂದು "ಹಲೋ, ಚೆಕ್" ಎನ್ನುತ್ತಿದ್ದ. ಬೇಸತ್ತು ನಮ್ಮದೇ ಒಂದು ಸೆಟ್ಟು ಕೊಳ್ಳುವುದೆಂದು ನಿರ್ಧರಿಸಿದೆವು.

ಎಡವಿದ್ದು ಅಲ್ಲಿಯೇ. ಅಣ್ಣತಮ್ಮಂದಿರು ಕೂಡಿ ತೋಡಿಸಿದ ಬಾವಿ ಕೊನೆಗೆ ಕೋರ್ಟಿನ ಮೆಟ್ಟಿಲು ಹತ್ತುವುದನ್ನು ನಾವೆಲ್ಲ ನಮ್ಮ ನಮ್ಮ ಮನೆಗಳಲ್ಲಿ ನೋಡಿದ್ದೆವು. ನಾಗಮ್ಮಕ್ಕ ಖಡಾಖಂಡಿತವಾಗಿ ಹೇಳಿದಳು:

"ಎಲ್ಲಾರೂ ಕೂಡಿ ರೊಕ್ಕ ಹಾಕಿದ್ರ ನಾಳೆ ಜಗಳ ಬಂದಾಗ ಸ್ಪೀಕರ್ ಡಬ್ಬಿ ಕೊಯ್ದು ಹಂಚಾಕ ಆಗ್ತೈತೇನ್ರೀ? ಹಿಸ್ಸಾ ಮೊದ್ಲೇ ಮಾಡೋಣು, ಆಮ್ಯಾಲೆ ತಗೊಳ್ಳೋಣು."

ಹೀಗೆ ಆಸ್ತಿ ಹುಟ್ಟುವ ಮೊದಲೇ ಪಾಲಾಯಿತು. ಆಂಪ್ಲಿಫೈಯರ್ ನಾಗಮ್ಮಕ್ಕನದು. ಸ್ಪೀಕರ್ ಡಬ್ಬಿಗಳು ಪದ್ಮಾಬಾಯಿಯವರವು. ವಾಯರು, ಪ್ಲಗ್ಗು ಶರಣಮ್ಮನವು. ಮೈಕು ನನ್ನದು. ಉಳಿದವರು ಬಾಯಿ ತೆರೆಯುವ ಮೊದಲೇ ನಾನು ಅದನ್ನು ಆರಿಸಿಕೊಂಡಿದ್ದೆ.

ಆಮೇಲೆ ನೋಡಿ ತಮಾಷೆ. ಆಂಪ್ಲಿಫೈಯರ್ ಸೀರೆಯಂಗಡಿಯಲ್ಲಿ ನುಸಿಗುಳಿಗೆಯ ಜೊತೆ ಇದ್ದು, ಹಚ್ಚಿದಾಗಲೆಲ್ಲ ಹಳೇ ಟ್ರಂಕು ತೆರೆದ ವಾಸನೆ ಬರತೊಡಗಿತು. ಡಬ್ಬಿಗಳಿಗೆ ಪದ್ಮಾಬಾಯಿಯವರ ಮನೆಯಲ್ಲಿ ದೇವರ ಕೋಣೆ ಬಿಟ್ಟರೆ ಜಾಗವಿರಲಿಲ್ಲ. ಅಲ್ಲಿ ಕೂತ ಮೇಲೆ ಅವೂ ಮಡಿಯಾದವು. "ಹಾಂಗ ಮುಟ್ಟಬ್ಯಾಡ್ರೀ, ಜಳಕ ಆಗೇತೇನು?" ಎಂದು ಬಾಗಿಲಲ್ಲೇ ತಡೆಯುತ್ತಿದ್ದರು. ಸ್ಪೀಕರ್ ಎತ್ತಿಕೊಂಡು ಬರಲು ಮಧ್ಯಾಹ್ನ ಮತ್ತೊಮ್ಮೆ ತಲೆಗೆ ನೀರು ಹಾಕಿಕೊಂಡ ಗಾಯಕಿಯರು ಭೂಮಿಯ ಮೇಲೆ ನಾವೇ ಇರಬೇಕು. ವಾಯರಂತೂ ನಡುವೆ ಹೋಟೆಲಿನ ದೀಪಕ್ಕೂ ದುಡಿದು ಮಿರ್ಚಿಯ ಎಣ್ಣೆ ಕುಡಿದಿತ್ತು. ನಾನು ಎಲ್ಲರನ್ನೂ ಚೆನ್ನಾಗಿ ಹಂಗಿಸುತ್ತಿದ್ದೆ. "ದೇವರ ಪದ ಹಾಡೋರಿಗೆ ನಂದು ನಿಂದು ಯಾಕ್ರೀ?" ಎಂದು ಉಪದೇಶವನ್ನೂ ಮಾಡುತ್ತಿದ್ದೆ. ನನ್ನ ಮೈಕು ರೇಷ್ಮೆ ಖಣದಲ್ಲಿ ಸುತ್ತಿಕೊಂಡು ಬಂಗಾರದ ಪಕ್ಕದಲ್ಲಿ, ಬೀರುವಿನ ಬೀಗದೊಳಗೆ ಮಲಗಿರುತ್ತಿತ್ತು. ಅದು ಬೇರೆ ವಿಷಯ.

ಹೀಗಿರುವಾಗ ಗದ್ವಾಲಿನ ವ್ಯಾಪಾರಿಯೊಬ್ಬರ ಗೃಹಪ್ರವೇಶಕ್ಕೆ ಕರೆ ಬಂತು. ನಾಗಮ್ಮಕ್ಕನ ಅಂಗಡಿಗೆ ಹೋಗಿ ಚಹಾ ಕುಡಿದು ಆಂಪ್ಲಿಫೈಯರ್ ಕೇಳಿದೆವು. ಜಳಕ ಮಾಡಿ ಡಬ್ಬಿ ತಂದೆವು. ಆಟೊದಲ್ಲಿ ಹೋಗುತ್ತಾ ಹೋಟೆಲಿನ ಮುಂದೆ ನಿಲ್ಲಿಸಿ, "ಶರಣಮ್ಮ, ಜಲ್ದಿ ಬಾ" ಎಂದೆವು. ಅವಳು ತಬಲಾ ಎತ್ತಿಕೊಂಡು ಬಂದು ಮುಖ ಬಿಗಿದುಕೊಂಡು ಕೂತಳು. ಗದ್ವಾಲಿನಲ್ಲಿ ಡಬ್ಬಿ ಇಟ್ಟು, ಮೈಕು ಒರೆಸಿ, ನಾನು ಗಂಟಲು ಸರಿಮಾಡಿಕೊಂಡ ಮೇಲೆ ಗೊತ್ತಾಯಿತು, ವಾಯರೇ ಇಲ್ಲ.

"ವಾಯರ್ ಎಲ್ಲೈತಿ ಶರಣಮ್ಮ?"

"ಮನ್ಯಾಗ ಐತಿ."

"ಅಯ್ಯೋ ನಮ್ಮವ್ವ! ಯಾಕ ತರಲಿಲ್ಲ?"

"ನೀವು ಬಾ ಅಂದ್ರಿ, ನಾ ಬಂದೀನಿ. ವಾಯರಿಗೆ ಯಾರು ಕರದಿದ್ರು? ಆಕಿ ಅಂಗಡ್ಯಾಗ ಕುಂತು ಚಾ ಕುಡದು ಕೇಳ್ತೀರಿ, ಇವರ ಮನಿಗೆ ಜಳಕ ಮಾಡಿ ಹೋಗ್ತೀರಿ. ನನ್ನ ವಾಯರ್ ಅಂದ್ರ ಬೀದ್ಯಾಗ ನಿಂತು ಹಾರನ್ ಹೊಡೀತೀರಿ."

ಅವಳ ಕಣ್ಣಲ್ಲಿ ನೀರಿತ್ತು. ಲೆಕ್ಕದ ಟೀಚರಾದ ನನಗೂ ಅವಳ ಲೆಕ್ಕದಲ್ಲಿ ತಪ್ಪು ಹುಡುಕಲಾಗಲಿಲ್ಲ. ಮನೆಯ ಅಜ್ಜಿಯೊಬ್ಬಳು "ಫರವಾಲೇದಮ್ಮಾ, ದಗ್ಗರಿಕಿ ರಂಡಿ" ಎಂದು ತೆಲುಗಿನಲ್ಲೇ ಸಮಾಧಾನ ಹೇಳಿ ನಮ್ಮನ್ನು ಹತ್ತಿರ ಕರೆದು ಜಮಖಾನದ ಮೇಲೆ ಕೂರಿಸಿದಳು. ಮೈಕಿಲ್ಲದೆ ಹಾಡಿದೆವು. ಸ್ವಲ್ಪ ಹೊತ್ತಿಗೆ ಅಜ್ಜಿ ನನಗೊಂದು ಉಂಡಿ ಕೊಟ್ಟು, ದಣಿದಿದ್ದೀಯ, ತಿಂದು ಸುಧಾರಿಸಿಕೋ ಎಂದಳು. ಎಂಥ ಅಂತಃಕರಣ ಎಂದುಕೊಂಡು ತಿನ್ನುತ್ತಾ ಕೂತೆ. ಅಷ್ಟರಲ್ಲಿ ಪದ್ಮಾಬಾಯಿಯವರು ಹಾಡು ಮುಂದುವರಿಸಿದರು. ಮಾತಾಡುತ್ತಿದ್ದ ಮಂದಿ ಸುಮ್ಮನಾದರು. ಅಜ್ಜಿ ಅವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಎರಡನೆಯ ಉಂಡಿಯೂ ನನಗೇ ಬಂತು.

ಮರಳಿ ಬರುವಾಗ, ಜೂರಾಲ ಡ್ಯಾಮಿನ ಮೇಲೆ, ನಾನು ಉಪದೇಶ ಶುರು ಮಾಡಿದೆ. "ಇನ್ನ ಮ್ಯಾಲೆ ಯಾವುದೂ ಯಾರದೂ ಅಲ್ಲ. ಎಲ್ಲಾ ಮಂಡಳೀದು. ಏನಂತೀರಿ?" ಮೂವರೂ ಒಟ್ಟಿಗೆ "ಹೂಂ ರೀ" ಎಂದುಬಿಟ್ಟರು. ತರಗತಿಯಲ್ಲಿ ಎಲ್ಲ ಮಕ್ಕಳು ಒಟ್ಟಿಗೆ ಹೂಂ ಎಂದರೆ ಏನೋ ಕಿತಾಪತಿ ಇದೆ ಎಂದು ನನಗೆ ತಿಳಿಯುತ್ತದೆ. ಆ ದಿನ ತಿಳಿಯಲಿಲ್ಲ.

ಮರುದಿನವೇ ಶರಣಮ್ಮನ ಮನೆಗೆ ಅರಿಶಿನ ಕುಂಕುಮ ತೆಗೆದುಕೊಂಡು ಹೋಗಿ ವಾಯರನ್ನು ಕ್ರಮವಾಗಿ ಕರೆದು ಬಂದೆವು. ಭಾನುವಾರ ನಮ್ಮ ಪಡಸಾಲೆಯಲ್ಲಿ ಆಂಪ್ಲಿಫೈಯರ್, ಡಬ್ಬಿ, ವಾಯರು ಎಲ್ಲ ಬಂದು ಕೂತವು. ನನಗೆ ಹೆಮ್ಮೆಯೋ ಹೆಮ್ಮೆ. ಆಗ ನಾಗಮ್ಮಕ್ಕ ಕೇಳಿದಳು:

"ಟೀಚರ್ ಬಾಯಿ, ಮೈಕು?"

"ಮೈಕು ಯಾಕ?"

"ಅದೂ ಎಲ್ಲಾರದಲ್ಲೇನ್ರೀ? ಎಲ್ಲಾರದಂದ್ರ ಯಾರು ಹಾಡಬೇಕಂಬೋದೂ ಎಲ್ಲಾರೂ ಕೂಡಿ ಹೇಳಬೇಕಲ್ಲ. ಪದ್ಮಾಬಾಯಿಯವರು ಹಾಡ್ಲಿ. ನೀವು ತಾಳ ಹಾಕ್ರಿ."

ಇಷ್ಟು ವರ್ಷ ಇವರು ನನ್ನ ದನಿಗೆ ಮರುಳಾಗಿ ಜೊತೆಗಿದ್ದಾರೆ ಎಂದುಕೊಂಡಿದ್ದೆ. ಮೈಕು ನನ್ನದೆಂದು ತೆಪ್ಪಗಿದ್ದರಂತೆ! ಸಿಟ್ಟು, ನಾಚಿಕೆ ಎರಡೂ ಬಂದವು. ಆದರೂ ಸೋಲೊಪ್ಪಲಿಲ್ಲ. "ಮೈಕು ಬಾಯಿಗೆ ಹಿಡಿಯೋ ವಸ್ತುರೀ, ಎಂಜಲು. ಪದ್ಮಾಬಾಯಿಯವರ ಮಡಿ ಏನಾಗಬೇಕು?" ಎಂದೆ. ಇದಕ್ಕೆ ಉತ್ತರವಿಲ್ಲ ಎಂದು ನನಗೆ ಖಾತ್ರಿ ಇತ್ತು. ಪದ್ಮಾಬಾಯಿಯವರು ಸೆರಗು ಸರಿಮಾಡಿಕೊಳ್ಳುತ್ತಾ ಮೆಲ್ಲಗೆ ಹೇಳಿದರು:

"ಇರಲಿ ಬಿಡ್ರೀ, ಹಾಡಿ ಬಂದು ಜಳಕ ಮಾಡ್ತೀನಿ."

ಯಾರೂ ಕೇಳದಿದ್ದರೂ ಒಳಗಿನಿಂದ ನಮ್ಮ ಮನೆಯವರು ಎಲ್ಲರಿಗೂ ಚಹಾ ಮಾಡಿ ತಂದರು. ಮದುವೆಯಾದಾಗಿನಿಂದ ಅವರ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ. ಬೀರುವಿನ ಕೀಲಿಯನ್ನೂ ಅವರೇ ಹುಡುಕಿಕೊಟ್ಟರು.

ಈಗ ಪದ್ಮಾಬಾಯಿಯವರು ಹಾಡುತ್ತಾರೆ. ಚೆನ್ನಾಗಿ ಹಾಡುತ್ತಾರೆ, ಹೊಟ್ಟೆ ಉರಿಯುತ್ತದೆ, ಅದರ ನಡುವೆಯೇ ಕಣ್ಣೂ ಒದ್ದೆಯಾಗುತ್ತದೆ. ನಾನು ಹಿಂದೆ ಕೂತು ತಾಳ ಹಾಕುತ್ತೇನೆ. ಮಂಡಳಿಯ ತಾಳ ಸವೆದಿತ್ತು. ಹೊಸದನ್ನು ಎಲ್ಲರೂ ಕೂಡಿ ತರೋಣ ಎಂದಳು ನಾಗಮ್ಮಕ್ಕ. ಬೇಡವೇ ಬೇಡ ಎಂದು ನಾನೇ ರಾಯಚೂರಿಗೆ ಹೋಗಿ, ಇದ್ದುದರಲ್ಲೇ ಜೋರಾಗಿ ಕೇಳಿಸುವ ಜೋಡಿಯೊಂದನ್ನು ಆರಿಸಿ, ನನ್ನ ಹೆಸರು ಕೆತ್ತಿಸಿಕೊಂಡು ಬಂದಿದ್ದೇನೆ.