ಚಾಯ್ ಅಸ್ತಿವಾಯೆತ್

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಸಂಶಯದಿಂದ ನೋಡುವುದನ್ನು ಕಲಿತು ಬಂದೆ. ಕೊನೆಗೆ ಆ ಸಂಶಯ ತಿರುಗಿ ನನ್ನ ತಲೆಯ ಮೇಲೇ ಕೂತಿತು. ಜೇಬಿನಲ್ಲಿರುವ ಪೆನ್ನನ್ನು ಮನೆಯೆಲ್ಲ ಹುಡುಕುವವನು ನಾನು. ಇಂಥವನು ರಷ್ಯನ್ ಕಲಿಯಹೊರಟೆ. ಎಪ್ಪತ್ತರ ದಶಕದ ಕೊನೆಯೋ ಎಂಬತ್ತರ ಆರಂಭವೋ, ಆಗ ಮಾನ್ವಿಯಲ್ಲಿ ಮೇಷ್ಟ್ರಾಗಿದ್ದೆ. ರಾಯಚೂರಿಗೆ ಬಂದಿದ್ದ ಪುಸ್ತಕದ ವ್ಯಾನಿನಲ್ಲಿ ರಷ್ಯನ್ ಪಾಠದ ಪುಸ್ತಕವೊಂದು ಅಗ್ಗಕ್ಕೆ ಸಿಕ್ಕಿತು, ಅಷ್ಟೇ ಕಾರಣ.

ದಿನಾ ಬೆಳಿಗ್ಗೆ ಇಪ್ಪತ್ತು ಶಬ್ದ ಬಾಯಿಪಾಠ ಮಾಡುತ್ತಿದ್ದೆ. ಸ್ನಾನ ಮುಗಿಯುವಷ್ಟರಲ್ಲಿ ಅವೆಲ್ಲ ನೀರಿನೊಂದಿಗೆ ಬಚ್ಚಲಿಗೆ ಹೋಗುತ್ತಿದ್ದವು. ಇತ್ತ ಹೆಂಡತಿ ಶರಣಮ್ಮ ತಂದಿಟ್ಟ ಚಹಾ ಕೆನೆಗಟ್ಟುತ್ತಿತ್ತು. ಒಂದು ದಿನ ಅವಳು, "ರೀ, ಚಾ ಆರಾಕತ್ತದ" ಎಂದಳು. ಅದೇ ಮಾತು ಪುಸ್ತಕದಲ್ಲೂ ಕಂಡು ಕುಣಿದುಬಿಟ್ಟೆ: "ಚಾಯ್ ಅಸ್ತಿವಾಯೆತ್!"

"ಚಾ ಆಸ್ತಿ ಆತಾ?"

"ಆರಾಕತ್ತದ ಅಂತ ಅರ್ಥ."

"ಹಂಗಾದ್ರ ನಾಳಿಂದ ಹಂಗ ಕರೀತೀನಿ. ಕನ್ನಡದಾಗ ಹೇಳಿದ್ರ ನಿಮಗ ತಿಳಿಯಂಗಿಲ್ಲ."

ಅಂದಿನಿಂದ ದಿನವೂ ಅಡುಗೆಮನೆಯಿಂದ ರಷ್ಯನ್ ಕೇಳತೊಡಗಿತು.

ಮನೆಯ ಮಾಲೀಕ ಬಸನಗೌಡರದು ಅಕ್ಕಿ ಗಿರಣಿ. ನನ್ನ ಪಾಂಡಿತ್ಯವನ್ನು ನನ್ನ ಬಾಯಿಂದಲೇ ಕೇಳಿ ನಂಬಿದ್ದರು. ಕಾಲುವೆ ಕೆಳಗಿನ ಭತ್ತ ನೋಡಲು ರಷ್ಯಾದ ತಜ್ಞರೊಬ್ಬರು ಬಂದಾಗ, ದುಭಾಷಿ ಹೊಟ್ಟೆ ಕೆಟ್ಟು ರಾಯಚೂರಿನಲ್ಲೇ ಮಲಗಿಬಿಟ್ಟ. ಗೌಡರು ನೇರ ನಮ್ಮ ಮನೆಗೇ ಅತಿಥಿಯನ್ನು ಕರೆತಂದರು. "ಮಾಸ್ತರ್ರ, ಊರಿನ ಮರ್ಯಾದಿ ನಿಮ್ಮ ಕೈಯಾಗದ. ಮಾತಾಡ್ರಿ!"

ಊರಿನದು ಹಾಗಿರಲಿ, ನನ್ನದು ಹೋಗುವುದರಲ್ಲಿತ್ತು. ಕಲಿತ ಸಾವಿರ ಶಬ್ದಗಳಲ್ಲಿ ಒಂದೂ ಬರಲೊಲ್ಲದು. ಕಣ್ಣುಮುಚ್ಚಿ, ಮೊದಲ ಪಾಠದ ಮೊದಲ ವಾಕ್ಯ ಉದುರಿಸಿದೆ: "ಎತಾ ಸ್ತೋಲ್." ಇದು ಮೇಜು.

ನಾವು ಕೂತಿದ್ದದ್ದು ಹೊರಸಿನ ಮೇಲೆ. ಅತಿಥಿ ಸುತ್ತಲೂ ನೋಡಿದ.

"ಏನಂದ್ರಿ?" ಗೌಡರು ಕೇಳಿದರು.

"ಸ್ವಾಗತ ಮಾಡಿದೆ."

"ಮತ್ತ ಆತ ಏನು ಹುಡುಕಾಕತ್ಯಾನ?"

ನಾನು ಬೆವರುತ್ತಿರುವಾಗ ಅಡುಗೆಮನೆಯ ಬಾಗಿಲಿನಿಂದ, ಎಂದಿನ ಸಿಟ್ಟಿನಲ್ಲಿ, ಎಂದಿನಂತೆ ನನಗೇ ಹೇಳಿದ ಮಾತು ಬಂತು: "ಚಾಯ್ ಅಸ್ತಿವಾಯೆತ್!"

ಅತಿಥಿ ಥಟ್ಟನೆ ಎದ್ದು ನಿಂತ. ಮುಖ ಅರಳಿಸಿ, ಎದೆಯ ಮೇಲೆ ಕೈಯಿಟ್ಟು, ಎದುರಿಗಿದ್ದ ಚಹಾ ಗಟಗಟ ಕುಡಿದು, ಶರಣಮ್ಮನೊಂದಿಗೆ ಐದು ನಿಮಿಷ ರಷ್ಯನ್ನಿನಲ್ಲಿ ಮಾತಾಡಿದ. ಅವಳು ಪ್ರತಿ ಮಾತಿಗೂ "ಹೌದ್ರಿ, ಹೌದ್ರಿ" ಎನ್ನುತ್ತ ಇನ್ನೊಂದು ಕಪ್ಪು ಕೊಟ್ಟಳು.

"ಯವ್ವಾ, ಖರೇ ಮಾಸ್ತರು ನೀವs ಬಿಡ್ರಿ!" ಗೌಡರು ಕೈಮುಗಿದರು.

ಈಗ ನಾನು ಈ ಕಥೆ ಹೇಳಿದಾಗಲೆಲ್ಲ ಶರಣಮ್ಮ ತಿದ್ದುತ್ತಾಳೆ: "ಸುಳ್ಳು ಹೇಳಬ್ಯಾಡ್ರಿ. ಹೊರಸಿನ ಮುಂದ ಮೇಜು ಇತ್ತು. ಚಾದ ಕಪ್ಪು ಅದರ ಮ್ಯಾಲs ಇಟ್ಟಿದ್ದೆ." ಹಾಗಾದರೆ ಅಂದು ನಾನಾಡಿದ ರಷ್ಯನ್ ಅಕ್ಷರಶಃ ಸರಿಯೇ ಇತ್ತು! ಜೀವನದಲ್ಲಿ ಮೊದಲ ಸಲ, ಯಾವ ಸಂಶಯವೂ ಇಲ್ಲದೆ, ಹೆಂಡತಿಯ ನೆನಪನ್ನು ನಂಬಿದ್ದೇನೆ.