ಬಂಡೆ ಕೊರೆಯುವ ಅಳಿಯನ ನಿದ್ದೆ

ಸಮುದ್ರ ನಮ್ಮ ಅಳಿಯನನ್ನು ನುಂಗಲಿಲ್ಲ. ಅವನು ಮಲಗಿದ್ದ. ನಡೆದದ್ದು ಅಷ್ಟೇ. ಅಲೆ ಬಂತು, ದೋಣಿ ಮಗುಚಿತು, ಅವನು ಈಜಿ ದಡ ಸೇರಿದ ಎಂದು ಮಗಳ ಮನೆಯಿರುವ ಬೋಗಾದಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಅವನಿಗೆ ಈಜೇ ಬರುವುದಿಲ್ಲ!

ಅವನ ಕೆಲಸ ಕರಾವಳಿಯಲ್ಲಿ. ಅಲ್ಲಿ ಹಡಗು ಬಂದು ನಿಲ್ಲಲು ಹೊಸ ಕಟ್ಟೆ ಕಟ್ಟುತ್ತಿದ್ದಾರೆ. ಕಟ್ಟೆ ನೀರಿನ ಮೇಲೆ ತೇಲುತ್ತದೆಯೇ? ಅದಕ್ಕೆ ಕಂಬ ಬೇಕು. ಕೆಸರಿನಲ್ಲಿ ಕಂಬ ನಿಲ್ಲುವುದಿಲ್ಲ. ಕೆಸರು ದಾಟಿ, ಅಡಿಯ ಬಂಡೆಯೊಳಕ್ಕೂ ತೂತು ಕೊರೆದು, ಕಬ್ಬಿಣದ ಪಂಜರ ಇಳಿಸಿ ಕಾಂಕ್ರೀಟು ಸುರಿಯಬೇಕು. ಆ ತೂತು ಕೊರೆಯುವ ಯಂತ್ರ ನಡೆಸುವವನು ನಮ್ಮ ಅಳಿಯ. ನಾನು ಕಂಡ ದೊಡ್ಡ ನೀರೆಂದರೆ ಕುಕ್ಕರಹಳ್ಳಿ ಕೆರೆ. ನನಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಅವನೇ ಒಂದು ದಿನ ಊಟದ ತಟ್ಟೆಯಲ್ಲಿ ತೋರಿಸಿದ. ಸಾರು ಸಮುದ್ರ, ಅನ್ನ ಕೆಸರು, ರಾಗಿಮುದ್ದೆ ಬಂಡೆ, ನುಗ್ಗೆಕಾಯಿ ಕಂಬ. ಕಂಬವೇನೋ ಗಟ್ಟಿಯಾಗಿ ನಿಂತಿತು. ಸಮುದ್ರ ಮಾತ್ರ ನನ್ನ ಸೀರೆಯ ಮೇಲಿತ್ತು!

ಇವನ ತಿಕ್ಕಲು ಮೊದಲ ದಿನವೇ ಗೊತ್ತಾಗಬೇಕಿತ್ತು. ಆಗ ನಾವು ಮಂಡಿ ಮೊಹಲ್ಲಾದ ಹಳೆಯ ಮನೆಯಲ್ಲಿದ್ದೆವು. ಹೆಣ್ಣು ನೋಡಲು ಬಂದವನು ಹೆಣ್ಣಿನ ಮುಖ ನೋಡಬೇಕೋ ಬೇಡವೋ? ಇವನು ನೆಲಕ್ಕೆ ಹಿಮ್ಮಡಿ ಕುಟ್ಟಿ ಕಿವಿಗೊಟ್ಟು ಕೂತ.

"ಅಮ್ಮಾ, ಈ ಕಲ್ಲಿನ ಕೆಳಗೆ ಟೊಳ್ಳೈತೆ."

"ಕಾಫಿ ಕುಡೀರಿ, ಆರೋಗ್ತದೆ" ಎಂದೆ.

ಅವನು ಬಿಡಲಿಲ್ಲ. ಕಲ್ಲು ಎಬ್ಬಿಸಿದರೆ ಹೆಗ್ಗಣ, ಸಂಸಾರ ಸಮೇತ! ಹೆಣ್ಣು ನೋಡಲು ಬಂದವನು ಹೆಗ್ಗಣ ನೋಡಿಕೊಂಡು ಹೋದ. ನಮ್ಮ ಮಗಳಿಗೆ ನಗು ತಡೆಯಲಾಗಲಿಲ್ಲ. ಮದುವೆ ಗೊತ್ತಾದದ್ದು ಹಾಗೆ.

ಕರಾವಳಿಯಿಂದ ಬರುವ ಅಳಿಯಂದಿರು ಗೋಡಂಬಿ ತರುತ್ತಾರೆ, ಹಲಸಿನ ಹಪ್ಪಳ ತರುತ್ತಾರೆ. ಇವನು ಕಲ್ಲು ತರುತ್ತಾನೆ! ಕೊರೆದ ಬಂಡೆಯ ತುಂಡು, ನೀಟಾಗಿ ಪೇಪರಿನಲ್ಲಿ ಸುತ್ತಿ.

"ನೋಡಿ ಅತ್ತೆ, ಎಂಥಾ ಗಟ್ಟಿ!"

"ಬೇಯಿಸ್ಲೋ, ಹುರೀಲೋ?"

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವನ ನಿದ್ದೆ. ರಜೆಗೆ ಬಂದಾಗ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಮಿಕ್ಸಿ ಗರಗರ ಎನ್ನುತ್ತಿತ್ತು. ಹೋಗಿ ನೋಡಿದರೆ ಅಳಿಯ ಕಟ್ಟೆಯ ಕೆಳಗೆ ಚಾಪೆ ಹಾಸಿಕೊಂಡು ಬಿದ್ದಿದ್ದಾನೆ.

"ಏನು ರುಬ್ತಾ ಇದೀರಿ?"

"ಏನೂ ಇಲ್ಲ ಕಣತ್ತೆ, ಮಲೀಕ್ಕೊಂಡಿದೀನಿ."

ಖಾಲಿ ಜಾರು! ಪ್ಲಗ್ಗು ಕಿತ್ತೆ. "ಮಿಕ್ಸಿ ಸುಟ್ಟೋದ್ರೆ ಚಟ್ನೀನ ನಿಮ್ಮ ಹಲ್ಲಲ್ಲಿ ಅರೀತೀರಾ?" ಎಂದೆ. ಅವನಿಗೆ ಯಂತ್ರದ ಗದ್ದಲವಿಲ್ಲದೆ ಕಣ್ಣು ಮುಚ್ಚುವುದಿಲ್ಲವಂತೆ. ಬೋಗಾದಿಯಲ್ಲಿ ಮನೆ ಮಾಡಿದ್ದೂ ಅದಕ್ಕೇ. ಎಡಕ್ಕೊಂದು, ಬಲಕ್ಕೊಂದು, ಎದುರಿಗೊಂದು ಮನೆ ಏಳುತ್ತಿರುತ್ತದಲ್ಲ! ಕಾಂಕ್ರೀಟು ಕಲೆಸುವ ಯಂತ್ರವೇ ಇವನಿಗೆ ಜೋಗುಳ.

ಈ ಸಲ ಆಯುಧಪೂಜೆಗೆ ಬರುತ್ತೇನೆ ಎಂದಿದ್ದ. ನಾನೂ ಮಗಳ ಮನೆಯಲ್ಲೇ ಇದ್ದೆ. ಅಷ್ಟರಲ್ಲಿ ಕೊರೆಯುವ ಯಂತ್ರದ ಮೂತಿ ಬಂಡೆಯೊಳಗೆ ಕಚ್ಚಿಕೊಂಡಿತಂತೆ. "ಬುಡಿಸ್ಕೊಂಡೇ ಬತ್ತೀನಿ" ಎಂದು ಫೋನು ಇಟ್ಟವನ ಸುದ್ದಿಯೇ ಇಲ್ಲ. ಫೋನು ಸತ್ತಿತ್ತು. ಕೊನೆಗೆ ಅವನ ಜೊತೆ ಕೆಲಸ ಮಾಡುವವನು ಮಗಳಿಗೆ ಫೋನು ಮಾಡಿದ.

"ಅಣ್ಣ ಮನೆಗೆ ಬಂದವ್ರಾ ಅಕ್ಕ? ಇಲ್ಲಿ ನೀರ್ ಮ್ಯಾಲಿನ ಅಟ್ಟಣಿಗೇಲಿ ನಿಂತಿದ್ರು. ಈಗ ಕಾಣ್ತಾ ಇಲ್ಲ."

ಮಗಳು ಮತ್ತೆ ಮತ್ತೆ ಅವನ ಸತ್ತ ಫೋನಿಗೇ ಫೋನು ಮಾಡತೊಡಗಿದಳು. ಮೊಮ್ಮಗಳು ನನ್ನ ಸೆರಗು ಹಿಡಿದಳು. "ಅಜ್ಜಿ, ಅಪ್ಪಂಗೆ ಈಜಕ್ಕೆ ಬರಲ್ಲ ಅಲ್ವಾ?"

ನಾನು ಹುರುಳಿಕಾಯಿ ಸೋಸುತ್ತಾ ಕೂತೆ. ನಾರನ್ನು ಪಾತ್ರೆಗೂ ಕಾಯನ್ನು ಕಸಕ್ಕೂ ಹಾಕುತ್ತಿದ್ದೆ ಎಂದು ಗೊತ್ತಾದದ್ದು ಆಮೇಲೆ. ಪಕ್ಕದ ಮನೆಯವಳು ಬಂದು, "ಸಮುದ್ರ ಕಣಮ್ಮ, ಹೇಳಕ್ಕಾಗಲ್ಲ" ಎಂದು ಶುರು ಮಾಡಿದಳು. "ಹೇಳಕ್ಕಾಗದೇ ಇದ್ರೆ ಹೇಳ್ಬೇಡ" ಎಂದು ಕಳಿಸಿದೆ.

ಮತ್ತೆ ಫೋನು ಬಂತು. "ಸಿಕ್ಕಿದ್ರು ಅಕ್ಕ! ಜನರೇಟರ್ ಹಿಂದೆ ಮಲಗವ್ರೆ!"

ಆದದ್ದಿಷ್ಟು. ಕಚ್ಚಿಕೊಂಡಿದ್ದ ಮೂತಿಯನ್ನು ನಿದ್ದೆಗೆಟ್ಟು ಬಿಡಿಸಿದ್ದಾನೆ. ಆ ಸಂಭ್ರಮದಲ್ಲಿ ಫೋನು ನೀರಿಗೆ ಬಿದ್ದಿದೆ. ಯಂತ್ರ ಆರಿಸಿದ್ದಾರೆ. ಎಲ್ಲ ಕಡೆ ನಿಶ್ಶಬ್ದ. ಇವನು ಗದ್ದಲ ಎಲ್ಲಿದೆ ಎಂದು ಹುಡುಕಿಕೊಂಡು ಹೋಗಿ, ದೂರದಲ್ಲಿ ಗುರುಗುಟ್ಟುತ್ತಿದ್ದ ಜನರೇಟರಿನ ಬೆನ್ನಿಗೆ ಒರಗಿಬಿಟ್ಟಿದ್ದಾನೆ! ಮಗಳು ನಗುತ್ತಾ ಅಳುತ್ತಿದ್ದಳು. ಫೋನು ಕಿತ್ತುಕೊಂಡು ಹೇಳಿದೆ: "ಎಬ್ಬಿಸ್ಬೇಡಪ್ಪ. ಎದ್ದ ಮೇಲೆ ಅತ್ತೆ ಬೈಯೋದಿದೆ ಅಂತ ಹೇಳು."

ಹಬ್ಬದ ಹಿಂದಿನ ಸಂಜೆ ಬಂದ. ಕಣ್ಣು ಕೆಂಪು, ಕೈಯಲ್ಲಿ ಪೇಪರು ಸುತ್ತಿದ ಕಲ್ಲು. ಮನಸಾರೆ ಬೈದೆ. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಅಂದ, "ಗದ್ದಲ ಇದ್ರೆ ಎಲ್ಲಾ ಸರಿಯಾಗೈತೆ ಅಂತ ಅರ್ಥ ಅತ್ತೆ. ಸದ್ದು ನಿಂತ್ರೆ ಏನೋ ಕಚ್ಕೊಂತು, ಯಾರಿಗೋ ಏನೋ ಆಯ್ತು ಅಂತ ಎದೆ ಧಸಕ್ಕನ್ನತ್ತೆ. ಅದಕ್ಕೇ ನಿದ್ದೆ ಬರಲ್ಲ."

ಫೋನು ಸುಮ್ಮನಿದ್ದ ದಿನ ನನ್ನ ಎದೆಯೂ ಹಾಗೇ ಅಂದಿತ್ತು. ಅದನ್ನು ಅವನಿಗೆ ಹೇಳಲಿಲ್ಲ.

ಮರುದಿನ ಬೆಳಗ್ಗೆ ಆಯುಧಪೂಜೆ. ಬೋಗಾದಿಯ ಯಂತ್ರಗಳೆಲ್ಲ ಕುಂಕುಮ ಇಟ್ಟುಕೊಂಡು ಸುಮ್ಮನೆ ನಿಂತಿದ್ದವು. ನಮ್ಮ ಮನೆಯಲ್ಲೂ ಮಿಕ್ಸಿ, ಗ್ರೈಂಡರು ಹಾರ ಹಾಕಿಕೊಂಡು ಕೂತಿದ್ದವು. ಪೂಜೆಯಾದ ಯಂತ್ರವನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಇದು ಈ ಮನೆಗೆ ನಾನೇ ಮಾಡಿದ ಕಾನೂನು. ಅಳಿಯ ಚಾಪೆಯ ಮೇಲೆ ಸೂರು ನೋಡುತ್ತಾ ಬಿದ್ದಿದ್ದ.

ಮಿಕ್ಸಿಯ ಹಾರ ತೆಗೆದೆ. ಜಾರಿಗೆ ಬರೀ ನೀರು ಹಾಕಿ ಗುಂಡಿ ತಿರುಗಿಸಿದೆ.

"ಅಮ್ಮಾ! ಪೂಜೆ ಮಾಡಿದ ಮಿಕ್ಸಿ!" ಎಂದಳು ಮಗಳು.

"ಸುಮ್ನಿರೇ. ದೇವ್ರಿಗೆ ನಾನ್ ಹೇಳ್ಕೋತೀನಿ."

ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಮಿಕ್ಸಿ ಬಿಸಿಯಾಗುತ್ತಾ ಬಂತು. ನಾನು ಪಕ್ಕಕ್ಕೆ ತಿರುಗಿ ಗ್ರೈಂಡರಿನ ಹಾರವನ್ನೂ ತೆಗೆದೆ.